ಆರಿದ್ರಾ ಇವತ್ತು ಎಷ್ಟು ಬೆಳಗುತ್ತಿದೆ?

(ಫೆಬ್ರವರಿಯ ಒಂದು ಶನಿವಾರ ಸಂಜೆ ತಿಪಟೂರಿನಲ್ಲಿ ಆಡಿದ ಮಾತುಗಳಿವು. ಅಲ್ಲಿನ ಕೆಲವು ಮೇಷ್ಟ್ರುಗಳು, ಕಾಲೇಜಿನ ಹುಡುಗರು, ಹುಡುಗಿಯರು, ಜೊತೆಗೆ ಒಬ್ಬರು ಕೊಬ್ಬರಿ ವ್ಯಾಪಾರಿ ಸೇರಿಕೊಂಡು ಹವ್ಯಾಸಿ ಖಗೋಳ ವೀಕ್ಷಕರ ಸಂಘ ಕಟ್ಟಲು ಹೊರಟಿದ್ದರು. ನಾನು ಬೆಂಗಳೂರಿನ ಇಂಥದ್ದೇ ಒಂದು ಸಂಘದಲ್ಲಿ ಇಪ್ಪತ್ತು ವರ್ಷ ಕಳೆದವಳು. ಅದಕ್ಕೇ ಕರೆದಿದ್ದರು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮಾತು ಕೇಳುತ್ತೇನೆ. ಆರಿದ್ರಾ ಮಳೆ ಗೊತ್ತಿಲ್ಲದವರು ಯಾರಾದರೂ ಇಲ್ಲಿ ಇದ್ದೀರಾ? ಒಂದು ಕೈಯೂ ಏಳಲಿಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಅಂತ ಹಿಂದಿನ ಸಾಲಿನ ಯಜಮಾನರು ಆಗಲೇ ಹೇಳಿಬಿಟ್ಟರು. ಸರಿ. ಈಗ ಇನ್ನೊಂದು ಪ್ರಶ್ನೆ. ಆರಿದ್ರಾ ನಕ್ಷತ್ರವನ್ನು ಕಣ್ಣಾರೆ ನೋಡಿ, ಇದೇ ಅದು ಅಂತ ಬೆರಳು ಮಾಡಿ ತೋರಿಸಬಲ್ಲವರು ಎಷ್ಟು ಜನ?

ಮೂರು ಕೈ. ಇಷ್ಟು ದೊಡ್ಡ ಸಭೆಯಲ್ಲಿ ಮೂರು.

ಇದರಲ್ಲಿ ನಿಮ್ಮ ತಪ್ಪಿಲ್ಲ. ಮಳೆಗೆ ನಕ್ಷತ್ರದ ಹೆಸರು ಬಂದದ್ದು ಸೂರ್ಯನಿಂದ. ಜೂನ್ 22ರ ಸುಮಾರಿಗೆ ಸೂರ್ಯ ಆರಿದ್ರಾ ನಕ್ಷತ್ರ ಇರುವ ಕಡೆಗೆ ಬರುತ್ತಾನೆ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುತ್ತದೆ. ಹಗಲಿನ ಬೆಳಕಲ್ಲಿ ಅದು ಎಲ್ಲಿ ಕಾಣಬೇಕು? ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಕಾಣುವುದಿಲ್ಲ. ಅದು ಚೆನ್ನಾಗಿ ಕಾಣುವ ಕಾಲದಲ್ಲಿ ಮಳೆ ಇರುವುದಿಲ್ಲ. ಈಗ ಫೆಬ್ರವರಿ. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಅದು ನೇರ ನಮ್ಮ ನೆತ್ತಿಯ ಹತ್ತಿರ ಇರುತ್ತದೆ, ಕೆಂಪಗೆ. ಮಾತು ಮುಗಿದ ಮೇಲೆ ಹೊರಗೆ ಹೋಗಿ ನೋಡೋಣ.

ಈ ಲೆಕ್ಕ ಕಟ್ಟಿದ ಹಿರಿಯರಿಗೆ ಮಳೆಯೂ ಗೊತ್ತಿತ್ತು, ನಕ್ಷತ್ರವೂ ಗೊತ್ತಿತ್ತು. ನಮ್ಮ ಹತ್ತಿರ ಮಳೆಯ ಹೆಸರು ಉಳಿದಿದೆ. ನಕ್ಷತ್ರ ತೋರಿಸುವವರು ಇಲ್ಲವಾಗಿದ್ದಾರೆ. ಸಂಘ ಏನು ಕೊಡುತ್ತದೆ ಅಂತ ನನ್ನನ್ನು ಕೇಳಿದಿರಿ. ನನಗೆ ಅದು ಕೊಟ್ಟಿದ್ದು ಪಕ್ಕದಲ್ಲಿ ನಿಂತು ತೋರಿಸುವ ಮನುಷ್ಯರನ್ನು. ಮಿಕ್ಕಿದ್ದೆಲ್ಲ ಅದರ ಹಿಂದೆ ತಾನಾಗಿ ಬಂತು.

2004ರ ಜೂನ್ 8ರಂದು ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಯಿತು. ಪೇಪರಿನಲ್ಲೆಲ್ಲ ಅದೇ ಸುದ್ದಿ. ಆ ಉತ್ಸಾಹದಲ್ಲಿ ಒಂದು ಟೆಲಿಸ್ಕೋಪ್ ಕೊಂಡೆ. ಡಬ್ಬದ ಮೇಲೆ "525 ಪಟ್ಟು ದೊಡ್ಡದಾಗಿ ಕಾಣುತ್ತದೆ" ಅಂತ ಬರೆದಿತ್ತು, ಪಕ್ಕದಲ್ಲಿ ಬಣ್ಣಬಣ್ಣದ ಶನಿಯ ಚಿತ್ರ. ಮನೆ ತಾರಸಿಗೆ ಒಯ್ದು ಮೂರು ರಾತ್ರಿ ಒದ್ದಾಡಿದೆ. ಕಾಲುಗಳು ಗಾಳಿಗೆ ನಡುಗುತ್ತಿದ್ದವು. ಮುಟ್ಟಿದರೆ ಸಾಕು, ಚಂದ್ರ ಜಾರಿಹೋಗುತ್ತಿತ್ತು. ಕಂಡಿದ್ದೂ ಬರೀ ಮಬ್ಬು. ಒಂದು ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಗಿತ್ತು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಬೇಜಾರು.

ಗೆಳತಿಯೊಬ್ಬಳು ಸಂಘದ ಸಭೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಹಿರಿಯರಿದ್ದರು. ಕರೆಂಟ್ ಕಂಬ ಹತ್ತುವ ಕೆಲಸ ಮಾಡಿ ರಿಟೈರ್ ಆದವರು. ನನ್ನ ಕಥೆ ಕೇಳಿ, "ಅದನ್ನ ಹೊರಗೆ ಎಸೀಬೇಡಮ್ಮಾ, ಮುಂದಿನ ವಾರ ತಗೊಂಡು ಬಾ" ಅಂದರು. ತೆಗೆದುಕೊಂಡು ಹೋದೆ. ಅವರು ಮಾಡಿದ್ದು ಎರಡೇ ಕೆಲಸ. ಐದು ಲೀಟರ್ ನೀರಿನ ಕ್ಯಾನನ್ನು ಸ್ಟ್ಯಾಂಡಿನ ನಡುವೆ ತೂಗುಹಾಕಿದರು. ನಡುಕ ನಿಂತಿತು. ಆಮೇಲೆ ದೊಡ್ಡದು ಮಾಡಿ ತೋರಿಸುವ ಕಣ್ಣುಮಸೂರವನ್ನು ತೆಗೆದು, ಡಬ್ಬದಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಶಕ್ತಿಯದನ್ನು ಹಾಕಿದರು. ಚಂದ್ರನ ಕುಳಿಗಳು ಅಂಚು ಸಮೇತ ಕಂಡವು. ಒಂದೊಂದು ಕುಳಿಯ ಒಳಗೆ ಅದರ ಗೋಡೆಯ ನೆರಳು ಬಿದ್ದಿತ್ತು.

ಆ ದಿನ ಅವರು ಹೇಳಿದ ಲೆಕ್ಕ ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಟೆಲಿಸ್ಕೋಪಿನ ಬಾಯಿ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡು ಪಟ್ಟು, ಅಷ್ಟೇ ಉಪಯೋಗಕ್ಕೆ ಬರುವ ವರ್ಧನೆ. ನನ್ನದು 60 ಮಿಲಿಮೀಟರ್. ಅಂದರೆ ಹೆಚ್ಚೆಂದರೆ 120 ಪಟ್ಟು. ಅದರಾಚೆ ಎಷ್ಟು ಹಿಗ್ಗಿಸಿದರೂ ಹಿಗ್ಗುವುದು ಮಬ್ಬು ಮಾತ್ರ. ಡಬ್ಬದ ಮೇಲಿನ 525 ನೋಡಿ ಯಾರೂ ದುಡ್ಡು ಕೊಡಬೇಡಿ. ಬಾಯಿ ಎಷ್ಟು ಅಗಲ ಅಂತ ಕೇಳಿ, ಸ್ಟ್ಯಾಂಡ್ ಅಲ್ಲಾಡಿಸಿ ನೋಡಿ. ಇನ್ನೂ ಒಳ್ಳೆಯದು ಏನಂದ್ರೆ, ಮೊದಲ ವರ್ಷ ಏನೂ ಕೊಳ್ಳಬೇಡಿ. ಸಂಘದವರ ಉಪಕರಣಗಳಲ್ಲಿ ನೋಡಿ. ನಿಮಗೆ ಯಾವುದು ಒಗ್ಗುತ್ತದೆ ಅಂತ ತಿಳಿದ ಮೇಲೆ ಕೊಳ್ಳಿ. ಕೊಳ್ಳಲೇಬೇಕು ಅನ್ನಿಸಿದರೆ 10x50 ಬೈನಾಕ್ಯುಲರ್, ಅಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಬಾಯಿಯದು, ತಗೊಳ್ಳಿ. ಕೃತ್ತಿಕೆಯನ್ನು ಅದರಲ್ಲಿ ನೋಡಿದಷ್ಟು ಚೆಂದ ದೊಡ್ಡ ಟೆಲಿಸ್ಕೋಪಿನಲ್ಲೂ ಕಾಣುವುದಿಲ್ಲ.

ನೋಡುವುದನ್ನೂ ಕಲಿಯಬೇಕು. ಇದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತೆರೆದರೆ ಕಾಣುತ್ತೆ ಅಂದುಕೊಂಡಿದ್ದೆ. ಹೆಸರಘಟ್ಟದ ಕಡೆ ಸಂಘದ ಜೊತೆ ಹೋದ ಮೊದಲ ರಾತ್ರಿ, ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆ, ಅಂದರೆ ಅನಿಲ, ದೂಳಿನ ಮೋಡ, ತೋರಿಸಿದರು. "ಬೆಳ್ಳಗೆ ಏನೋ ಇದೆ" ಅಂದೆ. "ಅಷ್ಟೇನಾ? ಅದನ್ನೇ ದಿಟ್ಟಿಸಬೇಡ. ಸ್ವಲ್ಪ ಪಕ್ಕಕ್ಕೆ ನೋಡು, ಓರೆಗಣ್ಣಲ್ಲಿ. ಉಸಿರು ಬಿಡು. ಅವಸರ ಮಾಡಬೇಡ." ಪಕ್ಕಕ್ಕೆ ನೋಡಿದೆ. ಬಿಳಿ ಮಬ್ಬಿನಿಂದ ಎರಡು ರೆಕ್ಕೆಗಳು ಮೆಲ್ಲಗೆ ಬಿಚ್ಚಿಕೊಂಡವು. ಮಧ್ಯೆ ನಾಲ್ಕು ಚಿಕ್ಕ ನಕ್ಷತ್ರಗಳು, ಚುಕ್ಕಿ ಇಟ್ಟ ಹಾಗೆ. ಅವು ಮೊದಲಿಂದಲೂ ಅಲ್ಲೇ ಇದ್ದವು, ಅಲ್ವಾ? ನನಗೆ ಕಂಡಿರಲಿಲ್ಲ.

ಕಾರಣ ಸುಲಭ. ನಮ್ಮ ಕಣ್ಣಿನ ನಡುಭಾಗ ಬಣ್ಣಕ್ಕೆ, ಬೆಳಕಿಗೆ ಹೇಳಿ ಮಾಡಿಸಿದ್ದು. ಕತ್ತಲಲ್ಲಿ ಅದು ಮಂದ. ಕತ್ತಲಲ್ಲಿ ಚುರುಕಾಗುವ ಜೀವಕೋಶಗಳು ಆಚೀಚೆ ಇವೆ. ಅವು ಪೂರ್ತಿ ಚುರುಕಾಗಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ನಡುವೆ ಯಾರಾದರೂ ಮೊಬೈಲ್ ತೆರೆದರೆ ಮತ್ತೆ ಮೊದಲಿಂದ. ಅದಕ್ಕೇ ನಮ್ಮ ಸಂಘದಲ್ಲಿ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತುತ್ತೇವೆ. ಮೊದಲ ಬಾರಿ ಬಂದವರಿಗೆ ಟೀ ಕೊಡುವ ಮೊದಲೇ ಆ ಕಾಗದ ಕೊಡುತ್ತೇವೆ.

ಇನ್ನು ಕನ್ನಡಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ತಾಳ್ಮೆ ಇರಲಿ.

ಟೆಲಿಸ್ಕೋಪಿನ ಮುಖ್ಯ ಕನ್ನಡಿಯನ್ನು ಮನೆಯಲ್ಲೇ ಕೈಯಿಂದ ಉಜ್ಜಿ ಮಾಡಬಹುದು. ಆರು ಇಂಚು ಅಗಲದ ಎರಡು ಗಾಜಿನ ಬಿಲ್ಲೆ ಬೇಕು. ಒಂದನ್ನು ಡ್ರಮ್ಮಿನ ಮೇಲೆ ಅಲ್ಲಾಡದ ಹಾಗೆ ಕೂರಿಸುತ್ತೇವೆ. ಅದರ ಮೇಲೆ ಗಾಜು ತೇಯುವ ಕಾರ್ಬೊರಂಡಮ್ ಪುಡಿ, ಒಂದಿಷ್ಟು ನೀರು. ಮೇಲೆ ಇನ್ನೊಂದು ಬಿಲ್ಲೆ ಇಟ್ಟು ಹಿಂದಕ್ಕೆ ಮುಂದಕ್ಕೆ ಉಜ್ಜಬೇಕು. ನಾಲ್ಕು ಸಲ ಉಜ್ಜಿ ಬಿಲ್ಲೆಯನ್ನು ಸ್ವಲ್ಪ ತಿರುಗಿಸಿ, ನೀವೂ ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯಬೇಕು. ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಗಂಟೆಗಟ್ಟಲೆ. ಉಜ್ಜುತ್ತಾ ಉಜ್ಜುತ್ತಾ ಮೇಲಿನ ಬಿಲ್ಲೆ ತಾನಾಗಿ ಒಳಕ್ಕೆ ಕುಳಿ ಬೀಳುತ್ತದೆ, ಕೆಳಗಿನದು ಉಬ್ಬುತ್ತದೆ. ಯಾವ ಅಚ್ಚೂ ಬೇಡ, ಯಾವ ಯಂತ್ರವೂ ಬೇಡ. ಎರಡು ಗಾಜು ಎಲ್ಲಾ ದಿಕ್ಕಿನಿಂದ ಒಂದನ್ನೊಂದು ಉಜ್ಜಿದರೆ ಗೋಳದ ಆಕಾರ ಬಿಟ್ಟು ಬೇರೆ ಆಕಾರಕ್ಕೆ ಬರುವ ಹಾಗೇ ಇಲ್ಲ.

ಎಷ್ಟು ಆಳದ ಕುಳಿ ಗೊತ್ತಾ? 1,200 ಮಿಲಿಮೀಟರ್ ನಾಭಿದೂರದ, ಅಂದರೆ ಅಷ್ಟು ದೂರದಲ್ಲಿ ಬೆಳಕನ್ನು ಒಂದೆಡೆ ಕೂಡಿಸುವ, ಆರು ಇಂಚಿನ ಕನ್ನಡಿಗೆ ನಡುವೆ 1.2 ಮಿಲಿಮೀಟರ್. ಒಂದು ಎಟಿಎಂ ಕಾರ್ಡಿನ ದಪ್ಪದ ಸುಮಾರು ಒಂದೂವರೆ ಪಟ್ಟು, ಅಷ್ಟೇ. ಆಮೇಲೆ ದಪ್ಪ ಪುಡಿ ಬಿಟ್ಟು ಸಣ್ಣ ಪುಡಿ, ಅದನ್ನು ಬಿಟ್ಟು ಇನ್ನೂ ಸಣ್ಣದು. ಪುಡಿ ಬದಲಿಸುವಾಗ ಬಕೆಟ್, ಬಟ್ಟೆ, ಕೈ, ಉಗುರಿನ ಸಂದು ಎಲ್ಲ ತೊಳೆಯಬೇಕು. ದಪ್ಪ ಪುಡಿಯ ಒಂದೇ ಒಂದು ಕಣ ಉಳಿದರೂ ಗೀರು ಬೀಳುತ್ತದೆ. ನನ್ನ ಮೊದಲ ಕನ್ನಡಿಯಲ್ಲಿ ಅಂಥ ಒಂದು ಗೀರು ಈಗಲೂ ಇದೆ. ಕೊನೆಗೆ ಕಪ್ಪು ರಾಳದ ಹಾಸಿನ ಮೇಲೆ ಸೀರಿಯಮ್ ಆಕ್ಸೈಡ್ ಹಚ್ಚಿ ಹೊಳಪು ಬರಿಸುವುದು. ಅಷ್ಟೆಲ್ಲ ಆದ ಮೇಲೆ ಅಲ್ಯೂಮಿನಿಯಮ್ ಲೇಪ.

ಹೊಳಪು ಬಂದ ಮೇಲೆ ಪರೀಕ್ಷೆ. ಫೂಕೋ ಪರೀಕ್ಷೆ ಅಂತಾರೆ. ಒಂದು ಸಣ್ಣ ಬೆಳಕಿನ ಕಿಂಡಿ, ಒಂದು ಬ್ಲೇಡು, ಇಷ್ಟೇ ಸಾಮಾನು. ಬ್ಲೇಡಿನ ಅಂಚನ್ನು ಬೆಳಕಿಗೆ ಅಡ್ಡ ತಂದಾಗ ಕನ್ನಡಿಯ ಏರುತಗ್ಗೆಲ್ಲ ನೆರಳಾಗಿ ಕಾಣುತ್ತದೆ. ನನ್ನ ಕನ್ನಡಿ ಪರೀಕ್ಷಿಸಿದ ದಿನ ಆ ಹಿರಿಯರು, "ಕನ್ನಡಿ ಮೇಲೆ ಹೆಬ್ಬೆಟ್ಟು ಇಡು, ಸ್ವಲ್ಪ ಹೊತ್ತು ಬಿಟ್ಟು ತೆಗಿ" ಅಂದರು. ಇಟ್ಟು ತೆಗೆದು ಬ್ಲೇಡಿನ ಹತ್ತಿರ ಕಣ್ಣಿಟ್ಟೆ. ಕನ್ನಡಿಯ ಮೇಲೆ ಒಂದು ಗುಡ್ಡ ಎದ್ದಿತ್ತು! ನನ್ನ ಬೆರಳಿನ ಬಿಸಿಗೆ ಗಾಜು ಅಷ್ಟು ಜಾಗದಲ್ಲಿ ಹಿಗ್ಗಿತ್ತು. ನೋಡುತ್ತಿದ್ದ ಹಾಗೇ ಗುಡ್ಡ ಮೆಲ್ಲಗೆ ಇಳಿದು ಮಾಯವಾಯಿತು. ಒಳ್ಳೆಯ ಕನ್ನಡಿಯಲ್ಲಿ ಇರಬಹುದಾದ ತಪ್ಪು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲು. ಅಷ್ಟು ನಯವನ್ನು ಕೈಯಿಂದ ಸಾಧಿಸಬಹುದು, ಬ್ಲೇಡಿನಿಂದ ಅಳೆಯಬಹುದು. ಆ ಗುಡ್ಡ ನೋಡದೇ ಇದ್ದಿದ್ದರೆ ನಾನು ಇದನ್ನು ನಂಬುತ್ತಿರಲಿಲ್ಲ.

ಒಬ್ಬರೇ ಕೂತು ಇದನ್ನು ಮಾಡುವುದು ತುಂಬಾ ಕಷ್ಟ. ಮೂರನೇ ವಾರಕ್ಕೆ ತೋಳು ನೋಯುತ್ತದೆ, ನಾಲ್ಕನೇ ವಾರಕ್ಕೆ ಬೇಸರ ಬರುತ್ತದೆ. ನಾಲ್ಕು ಡ್ರಮ್ಮು, ನಾಲ್ಕು ಜನ, ನಡುವೆ ಮಾತು ಇದ್ದರೆ ಭಾನುವಾರಗಳು ಹೋಗಿದ್ದೇ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಬೀದಿಗೆ ತಂದವರು ಜಾನ್ ಡಾಬ್ಸನ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದವರು. ಸಿಕ್ಕಿದ ಗಾಜು ಉಜ್ಜಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಜನ ಓಡಾಡುವ ಕಡೆ ತಳ್ಳಿಕೊಂಡು ಹೋಗಿ, ಬಂದವರಿಗೆಲ್ಲ ತೋರಿಸಿದರು. 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಫುಟ್‌ಪಾತ್ ಖಗೋಳ ವೀಕ್ಷಕರ ಸಂಘವನ್ನೇ ಕಟ್ಟಿದರು. ಇವತ್ತು ಜಗತ್ತಿನ ಬಹಳಷ್ಟು ಕ್ಲಬ್ಬುಗಳಲ್ಲಿ ಅವರ ಹೆಸರಿನ ಸ್ಟ್ಯಾಂಡ್ ಇದೆ. ನಿಮ್ಮೂರಿನ ಯಾವ ಬಡಗಿಯಾದರೂ ಅದನ್ನು ಮಾಡಿಕೊಡಬಲ್ಲ.

ಈಗ ಒಂದು ನೋವಿನ ವಿಷಯ. 1980ರ ಫೆಬ್ರವರಿ 16ರಂದು ನಮ್ಮ ರಾಜ್ಯದಲ್ಲೇ ಖಗ್ರಾಸ ಸೂರ್ಯಗ್ರಹಣ ಆಯಿತು. ಅಂಕೋಲಾ, ಹುಬ್ಬಳ್ಳಿ, ರಾಯಚೂರು, ಈ ಊರುಗಳ ಮೇಲೆ ಚಂದ್ರನ ನೆರಳು ಹಾದುಹೋಯಿತು. ನಮ್ಮಮ್ಮ ಆಗ ಹುಬ್ಬಳ್ಳಿಯಲ್ಲಿದ್ದರು. ಬಾಗಿಲು ಹಾಕಿ, ಕಿಟಕಿಗೆ ಚಾದರ ಕಟ್ಟಿ ಒಳಗೆ ಕೂತಿದ್ದರಂತೆ. ಮಧ್ಯಾಹ್ನವೇ ಕತ್ತಲಾಗಿ, ಹಕ್ಕಿಗಳು ಗೂಡಿಗೆ ಹೋಗುವ ಸದ್ದು ಕೇಳಿಸಿತು ಅಂತ ಹೇಳುತ್ತಾರೆ. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯನ ಕಿರೀಟ ಅವರ ಮನೆಯ ಮೇಲೇ ಇತ್ತು. ಅವರು ನೋಡಲಿಲ್ಲ. "ಭಯ ಬೇಡ, ಹೀಗೆ ನೋಡಬಹುದು ಅಂತ ಹೇಳೋರು ಒಬ್ಬರಿದ್ದಿದ್ರೆ ನೋಡ್ತಿದ್ದೆ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಅಂಥ ಒಬ್ಬರು ಪ್ರತಿ ಊರಲ್ಲೂ ಇರಬೇಕು. ಅದಕ್ಕಾಗಿಯೇ ಇಷ್ಟು ದೂರ ಬಂದಿದ್ದೇನೆ.

2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಗ್ರಹಣ. ನಮ್ಮ ಸಂಘದ ಹದಿನಾಲ್ಕು ಜನ ಅಮ್ಮನನ್ನೂ ಕರೆದುಕೊಂಡು ಕೊಡಗಿಗೆ ಹೋದೆವು. ಸರಿಯಾದ ಸೋಲಾರ್ ಕನ್ನಡಕ ಎಲ್ಲರಿಗೂ ಇತ್ತು. ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು, ಸಾದಾ ಕೂಲಿಂಗ್ ಗ್ಲಾಸ್ ಇವನ್ನು ಸಂಘದವರು ಯಾರೂ ಮುಟ್ಟುವುದಿಲ್ಲ, ಯಾರಿಗೂ ಮುಟ್ಟಗೊಡುವುದಿಲ್ಲ. ಒಂಬತ್ತು ಗಂಟೆ ದಾಟಿತ್ತು. ಬೆಳಕು ತಣ್ಣಗಾಗಿತ್ತು. ತೋಟದಲ್ಲಿ ಕೆಲಸ ಮಾಡುವ ಹೆಂಗಸರು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಅಮ್ಮ ಅವರನ್ನು ಕರೆದು ಮರದ ಕೆಳಗಿನ ನೆಲ ತೋರಿಸಿದರು. ಎಲೆಗಳ ಸಂದಿನಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಬಳೆಯ ಆಕಾರಕ್ಕೆ ತಿರುಗಿತ್ತು. ದಾರಿಯ ತುಂಬಾ ನೂರಾರು ಬಳೆಗಳು. ಒಬ್ಬಾಕೆ ಬಗ್ಗಿ ಅಂಗೈ ಚಾಚಿ ಒಂದು ಬಳೆಯನ್ನು ಹಿಡಿದಳು. ಆಮೇಲೆ ಎಲ್ಲರೂ ಕನ್ನಡಕ ಕೇಳಿ ಪಡೆದು ಸೂರ್ಯನನ್ನೇ ನೋಡಿದರು.

ನೋಡಿ ಖುಷಿಪಟ್ಟು ಮನೆಗೆ ಹೋಗುವುದು ಒಂದು. ನೋಡಿದ್ದನ್ನು ಬರೆದಿಟ್ಟರೆ ಅದು ವಿಜ್ಞಾನಕ್ಕೆ ಒದಗುತ್ತದೆ. ಇದಕ್ಕೆ ರಾಧಾಗೋಬಿಂದ ಚಂದ್ರ ಅನ್ನುವ ಬಂಗಾಳದ ಒಬ್ಬರ ಕಥೆ ಹೇಳಲೇಬೇಕು.

ಅವರು ಜೆಸ್ಸೋರ್‌ನ ಸರ್ಕಾರಿ ಖಜಾನೆಯಲ್ಲಿ ನಾಣ್ಯ ಎಣಿಸಿ, ಒಳ್ಳೆಯದು ಖೋಟಾ ನೋಡುವ ಕೆಲಸದಲ್ಲಿದ್ದರು. ಶಾಲೆಯ ಕೊನೆಯ ಪರೀಕ್ಷೆ ಪಾಸಾಗಲಿಲ್ಲ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಆಕಾಶದ ಹುಚ್ಚು ಹತ್ತಿತು. 1912ರಲ್ಲಿ ಮೂರು ಇಂಚಿನ ಟೆಲಿಸ್ಕೋಪ್ ತರಿಸಿಕೊಂಡರು. ಕೆಲವು ನಕ್ಷತ್ರಗಳ ಬೆಳಕು ಏರುತ್ತದೆ, ಇಳಿಯುತ್ತದೆ. ಇವು ಚರ ನಕ್ಷತ್ರಗಳು. ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಇವತ್ತು ಇದರ ಬೆಳಕು ಇಷ್ಟು ಅಂತ ಅಂದಾಜು ಮಾಡಿ ಬರೆಯುವುದೇ ಅವರ ಕೆಲಸ. ಅಮೆರಿಕದ ಚರ ನಕ್ಷತ್ರ ವೀಕ್ಷಕರ ಸಂಘಕ್ಕೆ ಅವನ್ನು ಕಳಿಸುತ್ತಿದ್ದರು. ಹೀಗೆ 37 ಸಾವಿರಕ್ಕೂ ಜಾಸ್ತಿ ಅಂದಾಜುಗಳು. ಕೆಲಸ ಮೆಚ್ಚಿ ಆ ಸಂಘದವರು ಅಲ್ಲಿಂದ ಹಡಗಿನಲ್ಲಿ ಆರು ಇಂಚಿನ ಟೆಲಿಸ್ಕೋಪ್ ಕಳಿಸಿದರು. ಅವರಿಗೆ ವಯಸ್ಸಾದ ಮೇಲೆ ಅದು ಯಾರ ಕೈಗೆ ಬಂತು ಗೊತ್ತಾ? ವೈನು ಬಾಪ್ಪು ಅವರ ಕೈಗೆ. ತಮಿಳುನಾಡಿನ ಕಾವಲೂರಿನಲ್ಲಿ ನಮ್ಮ ದೇಶದ ದೊಡ್ಡ ವೀಕ್ಷಣಾಲಯ ಕಟ್ಟಿದವರು. ಅಲ್ಲಿಯ 2.34 ಮೀಟರ್ ದೂರದರ್ಶಕಕ್ಕೆ ಈಗ ಅವರದೇ ಹೆಸರು. ಖಜಾನೆ ಗುಮಾಸ್ತರ ಆ ಟೆಲಿಸ್ಕೋಪ್ ಕೂಡ ಕಾವಲೂರಿಗೇ ಹೋಯಿತು.

ಅದು ಹಳೆಯ ಕಾಲದ ಕಥೆ ಅನ್ನಬೇಡಿ. 2019ರ ಕೊನೆಯಲ್ಲಿ ಆರಿದ್ರಾ ನಕ್ಷತ್ರ ಮಂಕಾಗತೊಡಗಿತು. ಹೌದು, ನಮ್ಮ ಮಳೆಯ ಆರಿದ್ರಾ, ಇಂಗ್ಲಿಷಿನ ಬೀಟಲ್‌ಜೂಸ್. 2020ರ ಫೆಬ್ರವರಿ ಹೊತ್ತಿಗೆ ಅದರ ಬೆಳಕು ಮಾಮೂಲಿನ ಅರ್ಧಕ್ಕೂ ಕೆಳಗೆ ಬಂತು. ಜಗತ್ತಿನ ತುಂಬಾ ಹವ್ಯಾಸಿಗಳು ಅಂಗಳದಲ್ಲಿ, ತಾರಸಿಯಲ್ಲಿ ನಿಂತು ಬರಿಗಣ್ಣಿನಲ್ಲಿ ಅಂದಾಜು ಮಾಡಿ ಬರೆದರು. ದೊಡ್ಡ ಟೆಲಿಸ್ಕೋಪುಗಳಿಗೆ ಅದು ಕಣ್ಣು ಕುಕ್ಕುವಷ್ಟು ಪ್ರಕಾಶ. ದಿನಾ ಅದನ್ನೇ ನೋಡುತ್ತಾ ಕೂರಲು ಅವಕ್ಕೆ ಬಿಡುವೂ ಇಲ್ಲ. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ, ದೂಳಾಗಿ, ನಮ್ಮ ಕಡೆಗೇ ಅಡ್ಡ ನಿಂತಿತ್ತು ಅಂತ ಆಮೇಲೆ ವಿಜ್ಞಾನಿಗಳು ಕಂಡುಕೊಂಡರು. ನಾನೂ ಆ ಚಳಿಗಾಲದಲ್ಲಿ ಹನ್ನೊಂದು ಅಂದಾಜು ಬರೆದಿದ್ದೇನೆ. ಬೆಂಗಳೂರಿನ ಬೆಳಕಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಂತು.

ನಿಮ್ಮ ಸಂಘಕ್ಕೆ ಏನು ಬೇಕು ಅಂತ ಪತ್ರದಲ್ಲಿ ಕೇಳಿದ್ದಿರಿ. ಕಟ್ಟಡ ಬೇಡ. ಒಂದು ಬೈನಾಕ್ಯುಲರ್, ಒಂದು ನಕ್ಷತ್ರ ನಕ್ಷೆ, ಕತ್ತಲಿರುವ ಒಂದು ತೋಟ, ಪ್ರತಿ ಅಮಾವಾಸ್ಯೆಯ ಹತ್ತಿರದ ಶನಿವಾರ. ಯಾರೇ ಬರಲಿ ಬಿಡಲಿ, ಆ ಶನಿವಾರ ತಪ್ಪಿಸಬೇಡಿ. ಮೊದಲ ಕಾರ್ಯಕ್ರಮಕ್ಕೆ ರಾತ್ರಿಯೂ ಬೇಡ. ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ನೆರಳು ಕಾಲಡಿ ಸೇರುತ್ತದೆ. ನಿಮಗೆ ಒಂದು ದಿನ ಆಚೀಚೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಮಕ್ಕಳನ್ನು ಕರೆಯಿರಿ. ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ನೋಡಿ. ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ದೊಡ್ಡ ಗುಂಪು ನಿಮ್ಮ ತೆಂಗಿನ ಮರಗಳ ಮೇಲಕ್ಕೆ ಬರುತ್ತದೆ. ಲಂಡನ್ನಿನವರಿಗೆ ಅದು ಊರಲ್ಲೇ ನಿಂತರೆ ಯಾವತ್ತೂ ಕಾಣುವುದಿಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನವರು ಇಂಥ ಕ್ಲಬ್ ನಡೆಸುತ್ತಾರೆ. ಬೆಂಗಳೂರಿನ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ ಇವೆ. ಒಮ್ಮೆ ಎಲ್ಲರೂ ಒಟ್ಟಿಗೆ ಹೋಗಿ ಬನ್ನಿ.

ಇನ್ನೊಂದು ಮಾತು, ಹಿರಿಯರಿಗೆ. ಹುಡುಗಿಯರನ್ನು ರಾತ್ರಿ ಹೊತ್ತು ಕಳಿಸಲು ಹಿಂಜರಿಕೆ ಇರುತ್ತದೆ, ನನಗೆ ಅರ್ಥ ಆಗುತ್ತದೆ. ನನ್ನನ್ನು ಮೊದಲ ವರ್ಷ ಅಪ್ಪ ಬಿಟ್ಟು, ಬೆಳಗಿನ ಜಾವ ಬಂದು ಕರೆದುಕೊಂಡು ಹೋಗುತ್ತಿದ್ದರು. ಎರಡನೇ ವರ್ಷ ಅವರೂ ಸದಸ್ಯರಾದರು. ನೀವೂ ಜೊತೆಗೇ ಬನ್ನಿ. ಆದರೆ ಕಳಿಸದೆ ಇರಬೇಡಿ.

(ಮಾತು ಮುಗಿಯುವಾಗ ಎಂಟು ಗಂಟೆ ಕಳೆದಿತ್ತು. ಎಲ್ಲರೂ ಹೊರಗೆ ಬಂದೆವು. ಮೇಷ್ಟ್ರು ಅಂಗಳದ ದೀಪ ಆರಿಸಿದರು. ಹದಿನೈದು ನಿಮಿಷ ಯಾರೂ ಮೊಬೈಲ್ ತೆಗೆಯಲಿಲ್ಲ. ಆಮೇಲೆ ಆರಿದ್ರಾ ತೋರಿಸಿದೆ, ಪಶ್ಚಿಮಕ್ಕೆ ರೋಹಿಣಿ, ಪೂರ್ವಕ್ಕೆ ಪ್ರೋಸಿಯಾನ್. ರೋಹಿಣಿಯ ಬೆಳಕಿನ ಅಂಕ 0.9, ಪ್ರೋಸಿಯಾನ್‌ದು 0.4, ಅಂಕ ಕಡಿಮೆಯಾದಷ್ಟೂ ಬೆಳಕು ಜಾಸ್ತಿ ಅಂತ ಹೇಳಿ, ಆರಿದ್ರಾ ಎಷ್ಟು ಅಂತ ಕೇಳಿದೆ. ಪಿಯುಸಿ ಓದುವ ಒಬ್ಬ ಹುಡುಗಿ ಕತ್ತು ಎತ್ತಿ ಮೂರೂ ಕಡೆ ಬಹಳ ಹೊತ್ತು ನೋಡಿದಳು. "ರೋಹಿಣಿಗಿಂತ ಜಾಸ್ತಿ ಇದೆ ಮೇಡಂ. ಆ ಕಡೇದಕ್ಕಿಂತ ಒಂಚೂರು ಕಡಿಮೆ. 0.6?" ಅಂದಳು. ಕೊಬ್ಬರಿ ವ್ಯಾಪಾರಿ ತಮ್ಮ ಲೆಕ್ಕದ ಪುಸ್ತಕದಿಂದ ಒಂದು ಹೊಸ ಹಾಳೆ ತೆಗೆದುಕೊಟ್ಟರು. ಯಾರೋ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದರು. ಅವಳು ತಾರೀಕು ಬರೆದಳು, ಗಂಟೆ ನಿಮಿಷ ಬರೆದಳು, ಆರಿದ್ರಾ ಅಂತ ಬರೆದು ಮುಂದೆ 0.6 ಅಂತ ಹಾಕಿದಳು.)